ಹುತಾತ್ಮ ಮೈಲಾರ ಮಹಾದೇವಪ್ಪನವರು

ಎರಡನೆಯ ಮಹಾಯುದ್ಧದ ದಿನಗಳಲ್ಲಿ ಪದವೀಧರ ತರುಣರನೇಕರು ಸರಕಾರಿ ನೌಕರಿಗೋ ಸೈನ್ಯಕ್ಕೋ ಸೇರಿ ಸಂಸಾರ ಹೂಡುತ್ತಿದ್ದರು. ಅದೇ ವಯಸ್ಸಿನ ಮಹಾದೇವಪ್ಪನವರು ಹಿಡಿದ ಸೇವೆಯ ಹಾದಿಯಲ್ಲಿ ಪದವಿಯೂ ಇರಲಿಲ್ಲ, ಪಗಾರವೂ ಇರಲಿಲ್ಲ.

ಇಂದಿನ ಹಾವೇರಿ ಜಿಲ್ಲೆಯ ಮೋಟೆಬೆನ್ನೂರಿನಲ್ಲಿ 1911ರ ಜೂನ್ 8ರಂದು ಜನಿಸಿದ ಅವರು, ಹದಿನೆಂಟರ ಹರೆಯದಲ್ಲಿಯೇ 1930ರ ದಂಡಿಯಾತ್ರೆಯಲ್ಲಿ ಗಾಂಧೀಜಿಯವರೊಡನೆ ನಡೆದರು. ಆ ತಂಡದಲ್ಲಿ ಕರ್ನಾಟಕದವರು ಇವರೊಬ್ಬರೇ. ಧರ್ಮಪತ್ನಿ ಸಿದ್ದಮ್ಮನವರು ಪತಿಯ ವ್ರತವನ್ನು ತಮ್ಮದಾಗಿಸಿಕೊಂಡು ತಾವೂ ಸೆರೆವಾಸ ಅನುಭವಿಸಿದರು. ಕೊರಡೂರಿನ ಸೇವಾಶ್ರಮವೇ ಈ ದಂಪತಿಗಳ ಸಂಸಾರವಾಯಿತು.

1942ರಲ್ಲಿ ಚಲೇಜಾವ್ ಚಳವಳಿಯ ಕರೆ ಬಂದಾಗ ಆಶ್ರಮದ ನೆಮ್ಮದಿಯನ್ನು ತೊರೆದು ಮಹಾದೇವಪ್ಪನವರು ಭೂಗತರಾದರು. ಗೃಹಜೀವನ ಅಲ್ಲಿಗೇ ನಿಂತಿತು. 1943ರ ಏಪ್ರಿಲ್ 1ರಂದು ವರದಾ ತೀರದ ಹೊಸರಿತ್ತಿಯಲ್ಲಿ, ವೀರಭದ್ರ ದೇವಾಲಯದಲ್ಲಿರಿಸಿದ್ದ ಕಂದಾಯದ ಹಣವನ್ನು ವಶಪಡಿಸಿಕೊಳ್ಳಲು ಸಂಗಡಿಗರೊಡನೆ ಮುನ್ನುಗ್ಗಿದಾಗ ಪೊಲೀಸರ ಗುಂಡಿಗೆ ಬಲಿಯಾದರು. ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಇವರೂ ಅಂದೇ ಅಸುನೀಗಿದರು. ಮಹಾದೇವಪ್ಪನವರಿಗೆ ಆಗ ಮೂವತ್ತೆರಡೂ ತುಂಬಿರಲಿಲ್ಲ.

ನಾಲ್ಕು ವರ್ಷಗಳ ತರುವಾಯ ದೇಶ ಸ್ವತಂತ್ರವಾಯಿತು. ಅದನ್ನು ಕಾಣುವ ಭಾಗ್ಯ ಪತಿಗೆ ಒದಗಲಿಲ್ಲ. ಅಗಲಿಕೆಯ ಭಾರವನ್ನು ಹೊತ್ತು ಸ್ವಾತಂತ್ರ್ಯವನ್ನು ಕಂಡವರು ಸಿದ್ದಮ್ಮನವರು. ಹಾವೇರಿಯ ರೈಲು ನಿಲ್ದಾಣವು ಇಂದು ಮಹಾದೇವಪ್ಪನವರ ಹೆಸರನ್ನು ಹೊತ್ತಿದೆ. ಆ ಹೆಸರನ್ನು ಓದುವ ವಿದ್ಯಾರ್ಥಿಗಳು ಅದರ ಹಿಂದಿರುವ ಸಾಧ್ವಿಯ ತ್ಯಾಗವನ್ನೂ ನೆನೆಯುವುದು ಯೋಗ್ಯ.