ವಿಮಾ ಕಚೇರಿಯ ಕಾಫ್ಕಾ

ಹೋದ ವರ್ಷ ಬಿಸಿನೆಸ್ ಸ್ಟಡೀಸ್‌ನಲ್ಲಿ ವಿಮೆಯ ಪಾಠ ಇತ್ತು. ಅಗ್ನಿ ವಿಮೆ, ಸಾಗರ ವಿಮೆ, ಪ್ರೀಮಿಯಂ ಎಂದೆಲ್ಲ ಪರೀಕ್ಷೆಗೆ ಬಾಯಿಪಾಠ ಮಾಡಿ ಮರೆತಿದ್ದೆ. ಇದೇ ವಿಮೆಯ ಕೆಲಸ ಮಾಡಿಕೊಂಡು ಒಬ್ಬರು ಪ್ರಪಂಚವೆಲ್ಲ ಓದುವ ಕಥೆಗಳನ್ನು ಬರೆದರು ಎಂದು ನಮ್ಮ ಕನ್ನಡ ಮೇಡಂ ಹೇಳಿದಾಗ ನಾನು ನಂಬಲಿಲ್ಲ. ಅವರೇ ಫ್ರಾಂಜ್ ಕಾಫ್ಕಾ.

ನಾನು ಕಥೆ ಬರೆಯುತ್ತೇನೆ ಎಂದು ಮೇಡಂಗೆ ಗೊತ್ತು. ಯಾವುದನ್ನೂ ಮುಗಿಸುವುದಿಲ್ಲ ಎಂದೂ ಗೊತ್ತು. ಕಾಲೇಜು ಬಿಟ್ಟ ಮೇಲೆ ಮಾಮು ಅಂಗಡಿಯಲ್ಲಿ ರಾತ್ರಿ ಒಂಬತ್ತರವರೆಗೆ ಬಿಲ್ ಬರೆಯುತ್ತೇನೆ. ಎದುರಿಗೇ ಕಬ್ಬಿಣ ಕತ್ತರಿಸುವ ಮೆಷಿನ್ ಇದೆ. ಮನೆಗೆ ಬಂದರೆ ಎರಡು ಕೋಣೆಗೆ ಏಳು ಜನ, ಟಿವಿ, ಅಮ್ಮಿಯ ಹೊಲಿಗೆ ಮೆಷಿನ್. ಪೆನ್ ಹಿಡಿದರೆ ಎಲ್ಲ ಸದ್ದೂ ಒಟ್ಟಿಗೆ ತಲೆಯೊಳಗೆ ನುಗ್ಗುತ್ತದೆ. ಇದಕ್ಕೇ ಮೇಡಂ ಕಾಫ್ಕಾ ವಿಷಯ ಎತ್ತಿದ್ದು ಅನಿಸುತ್ತದೆ.

ಕಾಫ್ಕಾ ಹುಟ್ಟಿದ್ದು 1883ರ ಜುಲೈ 3ರಂದು, ಪ್ರಾಗ್ ನಗರದಲ್ಲಿ. ಊರಿನಲ್ಲಿ ಹೆಚ್ಚು ಜನರ ಭಾಷೆ ಚೆಕ್. ಇವರ ಮನೆಯ ಭಾಷೆ ಜರ್ಮನ್, ಧರ್ಮ ಯಹೂದಿ. ಮನೆಯಲ್ಲಿ ಉರ್ದು, ಬೀದಿಯಲ್ಲಿ ಕನ್ನಡ, ಪುಸ್ತಕದಲ್ಲಿ ಇಂಗ್ಲಿಷ್ ಇರುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ತಂದೆಗೆ ಫ್ಯಾನ್ಸಿ ಸಾಮಾನಿನ ವ್ಯಾಪಾರ. ದೊಡ್ಡ ದನಿಯ ಮನುಷ್ಯ, ಮಗನಿಗೆ ಅವರೆಂದರೆ ಭಯ.

1906ರಲ್ಲಿ ಕಾನೂನು ಓದಿ ಡಾಕ್ಟರೇಟ್ ಪಡೆದರು. ಮರುವರ್ಷ ಒಂದು ಖಾಸಗಿ ವಿಮಾ ಕಂಪನಿಗೆ ಸೇರಿದರು. ಅಲ್ಲಿ ದಿನವೆಲ್ಲ ಕೆಲಸ, ಬರೆಯಲು ಸಮಯವೇ ಇಲ್ಲ. ಒಂದು ವರ್ಷ ತುಂಬುವ ಮೊದಲೇ ಬಿಟ್ಟು, 1908ರಲ್ಲಿ ಕಾರ್ಮಿಕರ ಅಪಘಾತ ವಿಮಾ ಸಂಸ್ಥೆಗೆ ಬಂದರು. ಇಲ್ಲಿ ಬೆಳಿಗ್ಗೆ ಎಂಟರಿಂದ ಮಧ್ಯಾಹ್ನ ಎರಡರವರೆಗೆ ಕೆಲಸ.

ಆ ಕೆಲಸವನ್ನು ನಾವು ಕಾಮರ್ಸ್‌ನವರು ಸ್ವಲ್ಪ ನಿಂತು ನೋಡಬೇಕು. ಯಾವ ಕಾರ್ಖಾನೆಯಲ್ಲಿ ಎಷ್ಟು ಅಪಾಯವಿದೆ ಎಂದು ವರ್ಗ ಮಾಡುವುದು, ಅದರ ಮೇಲೆ ಮಾಲೀಕರ ಪ್ರೀಮಿಯಂ ನಿಂತಿತ್ತು. ಹೆಚ್ಚಾಯಿತು ಎಂದು ಮಾಲೀಕರು ಅರ್ಜಿ ಹಾಕುತ್ತಿದ್ದರು, ಕಾಫ್ಕಾ ಉತ್ತರ ಬರೆಯುತ್ತಿದ್ದರು. ಮರ ಹತ್ತರಿ ಹೊಡೆಯುವ ಯಂತ್ರಗಳಲ್ಲಿ ಆಗ ಚೌಕದ ಅಚ್ಚು ಇರುತ್ತಿತ್ತು. ಮರ ಜಾರಿದರೆ ಕೈ ಸಂದಿಗೆ ಸಿಕ್ಕಿ ಬೆರಳು ಹೋಗುತ್ತಿತ್ತು. ದುಂಡನೆಯ ಅಚ್ಚು ಹಾಕಿದರೆ ಅಪಾಯ ಕಡಿಮೆ ಎಂದು ಅವರು ಸಂಸ್ಥೆಯ ವರದಿಯಲ್ಲಿ ಚಿತ್ರ ಸಮೇತ ವಿವರಿಸಿದರು. ಆಫೀಸನ್ನು ಜೀವನವಿಡೀ ಬೈದುಕೊಂಡ ಮನುಷ್ಯ ಇಷ್ಟು ಚೆನ್ನಾಗಿ ಕೆಲಸ ಮಾಡಿದ್ದಾರೆ! ಬಡ್ತಿಯ ಮೇಲೆ ಬಡ್ತಿಯೂ ಬಂತು.

ಎರಡು ಗಂಟೆಗೆ ಬಿಡುವಾದರೂ ಬರೆಯಲು ಆಗುತ್ತಿರಲಿಲ್ಲ. ಅವರ ಕೋಣೆ ಹಜಾರಕ್ಕೂ ತಂದೆತಾಯಿಯ ಕೋಣೆಗೂ ನಡುವೆ ಇತ್ತು. ಬಾಗಿಲು ಬಡಿಯುವುದು, ಒಲೆಯ ಬೂದಿ ಕೆರೆಯುವುದು, ತಂಗಿಯರ ಕೂಗು, ಹಕ್ಕಿಗಳ ಕಿಚಿಪಿಚಿ. ಈ ಗಲಾಟೆಯ ಬಗ್ಗೆಯೇ ಒಂದು ಪುಟ್ಟ ಬರಹ ಬರೆದು 1912ರಲ್ಲಿ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದರು. ಮನೆಯವರ ಮುಖ ಆಗ ಹೇಗಾಗಿತ್ತೋ! ಬರ್ಲಿನ್‌ನಿಂದ ಕಿವಿಗೆ ಇಟ್ಟುಕೊಳ್ಳುವ ಮೇಣದ ಬಿರಡೆಗಳನ್ನೂ ತರಿಸಿಕೊಂಡಿದ್ದರು.

ಆದ್ದರಿಂದ ಊಟ ಮಾಡಿ ಮಧ್ಯಾಹ್ನವೇ ಮಲಗುವುದು, ಸಂಜೆ ಏಳುವುದು, ವ್ಯಾಯಾಮ, ವಾಕಿಂಗ್, ಎಲ್ಲರ ಜೊತೆ ಊಟ. ರಾತ್ರಿ ಹತ್ತೂವರೆ ಹೊತ್ತಿಗೆ ಮನೆ ಅಡಗಿದ ಮೇಲೆ ಬರೆಯಲು ಕೂತರೆ ಒಂದು, ಎರಡು, ಮೂರು ಗಂಟೆ. ಬೆಳಿಗ್ಗೆ ಎಂಟಕ್ಕೆ ಮತ್ತೆ ಆಫೀಸು. 1912ರ ಸೆಪ್ಟೆಂಬರ್ 22ರ ರಾತ್ರಿ ಹತ್ತಕ್ಕೆ ಕೂತವರು ಬೆಳಿಗ್ಗೆ ಆರಕ್ಕೆ ಎದ್ದಾಗ ಒಂದು ಇಡೀ ಕಥೆ ಮುಗಿದಿತ್ತು. ಅದೇ ವರ್ಷದ ಕೊನೆಗೆ, ಮನುಷ್ಯ ಹುಳುವಾಗಿ ಏಳುವ ಪ್ರಸಿದ್ಧ ಕಥೆ ಬರೆದರು. ಮೈ ಹುಳುವಾಗಿದ್ದರೂ ಅವನ ಚಿಂತೆ ರೈಲು ತಪ್ಪಿತು, ಕೆಲಸಕ್ಕೆ ತಡವಾಯಿತು ಎಂಬುದು. ಅದನ್ನು ಓದಿ ನಾನು ಅಂಗಡಿಯ ಕೌಂಟರ್‌ನಲ್ಲೇ ನಕ್ಕೆ, ಆಮೇಲೆ ನಗು ನಿಂತುಹೋಯಿತು.

ಇದರ ನಡುವೆ ಮನೆಯವರು ಕಲ್ನಾರಿನ ಕಾರ್ಖಾನೆ ತೆಗೆದಿದ್ದರು, ಇವರೂ ಪಾಲುದಾರ. ಮಧ್ಯಾಹ್ನ ಅಲ್ಲಿಗೂ ಹೋಗು ಎಂಬ ಒತ್ತಾಯ ಬಂತು. ಆ ಅಕ್ಟೋಬರ್‌ನಲ್ಲಿ ಅವರ ಮನಸ್ಸು ಎಷ್ಟು ಕುಸಿಯಿತೆಂದರೆ, ಗೆಳೆಯ ಮ್ಯಾಕ್ಸ್ ಬ್ರಾಡ್ ಗಾಬರಿಯಾಗಿ ಅವರ ತಾಯಿಗೇ ಕಾಗದ ಬರೆದರು. ಹೀಗೆ ಮನೆಗೆ ಹೇಳುವ ಗೆಳೆಯ ಒಬ್ಬನಾದರೂ ಇರಬೇಕು.

1916ರ ಚಳಿಗಾಲದಲ್ಲಿ ಕಿರಿಯ ತಂಗಿ ಒಟ್ಲಾ ತಾನು ಬಾಡಿಗೆಗೆ ಹಿಡಿದ ಪುಟ್ಟ ಮನೆಯನ್ನು ಅಣ್ಣನಿಗೆ ಬರೆಯಲು ಬಿಟ್ಟುಕೊಟ್ಟಳು. ಆ ನಿಶ್ಶಬ್ದದಲ್ಲಿ ಕಥೆಯ ಮೇಲೆ ಕಥೆ ಬಂತು. 1917ರ ಆಗಸ್ಟ್‌ನಲ್ಲಿ ಬಾಯಿಂದ ರಕ್ತ ಬಂತು: ಕ್ಷಯ. ನಿದ್ದೆಗೆಟ್ಟಿದ್ದರಿಂದಲೇ ಬಂತು ಎನ್ನಲಾರೆ, ಅದು ಸೋಂಕು ರೋಗ. 1922ರಲ್ಲಿ ಪಿಂಚಣಿ ಕೊಟ್ಟು ಬಿಡುಗಡೆ ಮಾಡಿದರು. ಅಂತೂ ಸಮಯ ಸಿಕ್ಕಿತು, ಆರೋಗ್ಯ ಇರಲಿಲ್ಲ. 1924ರ ಜೂನ್ 3ರಂದು, 40ನೇ ವಯಸ್ಸಿನಲ್ಲಿ ತೀರಿಕೊಂಡರು. ಬರೆದದ್ದನ್ನು ಸುಟ್ಟುಬಿಡು ಎಂದು ಬ್ರಾಡ್‌ಗೆ ಹೇಳಿದ್ದರು. ಅವರು ಸುಡದೆ ಅಚ್ಚು ಹಾಕಿಸಿದರು. ಮೂರು ಕಾದಂಬರಿಗಳು ಹಾಗೆ ಉಳಿದವು, ಮೂರೂ ಅಪೂರ್ಣ.

ಆಫೀಸು ಇಲ್ಲದಿದ್ದರೆ ಅವರು ಇನ್ನೂ ಹೆಚ್ಚು ಬರೆಯುತ್ತಿದ್ದರು ಎಂದು ಮೇಡಂ ಹೇಳುತ್ತಾರೆ. ನನಗೆ ಹಾಗನಿಸುವುದಿಲ್ಲ. ಅವರ ಕಾದಂಬರಿಯ ಫೈಲು, ಕಾರಿಡಾರು, ಉತ್ತರ ಕೊಡದ ಅಧಿಕಾರಿಗಳು ಎಲ್ಲಿಂದ ಬರುತ್ತಿದ್ದರು? ಆದರೆ ಒಟ್ಲಾಳ ಮನೆ ಹತ್ತು ವರ್ಷ ಮೊದಲೇ ಸಿಗಬೇಕಿತ್ತು.

ವಾರಕ್ಕೆ ಎರಡು ದಿನ ಏಳು ಗಂಟೆಗೇ ಬಿಡಿ ಎಂದು ಮಾಮುವನ್ನು ಕೇಳಿದ್ದೇನೆ. ನೋಡೋಣ ಎಂದಿದ್ದಾರೆ.