ಡಾ. ಜೆರೋಮ್ ಲೆಜೂನ್: ಗರ್ಭಸ್ಥ ಶಿಶುವಿನ ಪರ ನಿಂತ ವಿಜ್ಞಾನಿ

ಗರ್ಭದಲ್ಲಿರುವ ಮಗುವಿಗೆ ಡೌನ್ ಸಿಂಡ್ರೋಮ್ ಇದೆ ಎಂಬ ವರದಿ ಕೈಗೆ ಬಂದಾಗ ತಂದೆತಾಯಿಯರ ಎದೆ ಒಡೆಯುತ್ತದೆ. ಬಂಧುಗಳು, ನೆರೆಹೊರೆಯವರು, ಕೆಲವೊಮ್ಮೆ ವೈದ್ಯರೂ ಒಂದೇ ದಾರಿ ತೋರಿಸುತ್ತಾರೆ. ನಮ್ಮ ದೇಶದಲ್ಲಿ 1971ರ ಗರ್ಭಪಾತ ಕಾನೂನಿಗೆ 2021ರಲ್ಲಿ ತಿದ್ದುಪಡಿಯಾಯಿತು. ಭ್ರೂಣದಲ್ಲಿ ಗಂಭೀರ ದೋಷವಿದೆ ಎಂದು ವೈದ್ಯಕೀಯ ಮಂಡಳಿ ನಿರ್ಧರಿಸಿದರೆ ಈಗ ವಾರಗಳ ಮಿತಿಯೂ ಇಲ್ಲ. ಇಂಥ ದಂಪತಿಗಳಿಗೆ ಧರ್ಮಸಭೆಯ ಕಟ್ಟಳೆಯನ್ನು ಓದಿ ಹೇಳಿದರೆ ಸಾಲದು. ಅದರ ಹಿಂದಿರುವ ಕಾರಣವನ್ನೂ ನಾವು ತಿಳಿಸಬೇಕು. ಈ ಕಾರಣವನ್ನು ತಮ್ಮ ಬದುಕಿನಿಂದಲೇ ತೋರಿಸಿಕೊಟ್ಟ ವೈದ್ಯ ಫ್ರಾನ್ಸಿನ ಡಾ. ಜೆರೋಮ್ ಲೆಜೂನ್.

ಬಾಲ್ಯ ಮತ್ತು ಸಂಶೋಧನೆ

ಲೆಜೂನ್‌ರವರು 1926ರ ಜೂನ್ 13ರಂದು ಪ್ಯಾರಿಸ್ ಬಳಿಯ ಮೋಂರೂಜ್‌ನಲ್ಲಿ ಜನಿಸಿದರು. ವೈದ್ಯಕೀಯ ಕಲಿತು ಪ್ರೊ. ರೇಮಂಡ್ ತುರ್ಪಾಂರವರ ಕೈಕೆಳಗೆ ಕೆಲಸಕ್ಕೆ ಸೇರಿದರು. 1952ರಲ್ಲಿ ಡೆನ್ಮಾರ್ಕಿನ ಬಿರ್ತೆಯವರನ್ನು ಮದುವೆಯಾದರು. ಈ ದಂಪತಿಗೆ ಐವರು ಮಕ್ಕಳು.

ಆ ಕಾಲದಲ್ಲಿ ಡೌನ್ ಸಿಂಡ್ರೋಮ್‌ಗೆ ಕಾರಣವೇನೆಂದು ಯಾರಿಗೂ ಗೊತ್ತಿರಲಿಲ್ಲ. ಡಾ. ಲ್ಯಾಂಗ್ಡನ್ ಡೌನ್ ಇಂಗ್ಲೆಂಡಿನಲ್ಲಿ 1866ರಲ್ಲೇ ಇದನ್ನು ವರ್ಣಿಸಿದ್ದರು. ಆದರೆ ತಂದೆತಾಯಿಯರ ಗುಹ್ಯರೋಗ ಅಥವಾ ಕುಡಿತವೇ ಇದಕ್ಕೆ ಮೂಲವೆಂಬ ಸಂಶಯ ಜನರಲ್ಲಿತ್ತು. ಮಗುವಿನ ಕಾಯಿಲೆಯ ಜೊತೆಗೆ ತಾಯಿ ಅಪವಾದವನ್ನೂ ಹೊರಬೇಕಾಗಿತ್ತು. ಮನುಷ್ಯನ ಜೀವಕೋಶದಲ್ಲಿ 46 ಕ್ರೋಮೋಸೋಮ್‌ಗಳಿವೆ ಎಂಬುದು ಖಚಿತವಾದದ್ದೇ 1956ರಲ್ಲಿ. ಅದಾದ ಮೇಲೆ ಪ್ಯಾರಿಸಿನ ತಂಡ ಈ ಮಕ್ಕಳ ಜೀವಕೋಶಗಳಲ್ಲಿ 47 ಇರುವುದನ್ನು ಕಂಡಿತು. 1959ರ ಜನವರಿಯಲ್ಲಿ ಲೆಜೂನ್, ಮಾರ್ತ್ ಗೋತಿಯೇ ಮತ್ತು ತುರ್ಪಾಂ ಈ ಮೂವರ ಹೆಸರಿನಲ್ಲಿ ಅದು ಪ್ರಕಟವಾಯಿತು. ಜೀವಕೋಶಗಳನ್ನು ಬೆಳೆಸುವ ತಂತ್ರವನ್ನು ಅಲ್ಲಿ ನೆಲೆಗೊಳಿಸಿದವರು ಡಾ. ಗೋತಿಯೇ. ಅವರ ಪಾಲಿಗೆ ಸಲ್ಲಬೇಕಾದ ಮನ್ನಣೆ ಬಹಳ ತಡವಾಗಿ ಸಿಕ್ಕಿತು ಎಂಬುದನ್ನೂ ನಾವು ನ್ಯಾಯವಾಗಿ ಹೇಳಲೇಬೇಕು.

ಹೀಗೆ ತಾಯಂದಿರ ತಲೆಯ ಮೇಲಿನ ಅಪವಾದ ಕಳಚಿತು. ಲೆಜೂನ್‌ರವರಿಗೆ ಪ್ರಶಸ್ತಿಗಳು ಬಂದವು, 1964ರಲ್ಲಿ ಪ್ಯಾರಿಸಿನಲ್ಲಿ ತಳಿವಿಜ್ಞಾನದ ಪ್ರಾಧ್ಯಾಪಕ ಹುದ್ದೆಯೂ ಬಂತು. ನೆಕ್ಕರ್ ಮಕ್ಕಳ ಆಸ್ಪತ್ರೆಯಲ್ಲಿ ಅವರು ಸಾವಿರಾರು ಮಕ್ಕಳನ್ನು ನೋಡಿದರು. ಮದ್ದು ಹುಡುಕುವುದೇ ಅವರ ಗುರಿಯಾಗಿತ್ತು.

ಕೀರ್ತಿಯ ಬೆಲೆ

ಆದರೆ ಅವರ ಸಂಶೋಧನೆ ಬೇರೊಂದು ದಾರಿ ಹಿಡಿಯಿತು. ಗರ್ಭದಲ್ಲೇ ಈ ಮಕ್ಕಳನ್ನು ಗುರುತಿಸಿ ಇಲ್ಲವಾಗಿಸುವ ಉಪಾಯವಾಗಿ ಅದು ಬಳಕೆಗೆ ಬರತೊಡಗಿತು. 1969ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಅಮೆರಿಕದ ತಳಿವಿಜ್ಞಾನಿಗಳ ಸಂಘವು ತನ್ನ ಶ್ರೇಷ್ಠ ಪ್ರಶಸ್ತಿಯನ್ನು ಅವರಿಗೆ ನೀಡಿತು. ಅದನ್ನು ಸ್ವೀಕರಿಸುತ್ತಾ ಅವರು ಅದೇ ಸಭಿಕರ ಮುಂದೆ ಗರ್ಭಪಾತವನ್ನು ವಿರೋಧಿಸಿದರು. ಅಂದೇ ನೊಬೆಲ್ ಪ್ರಶಸ್ತಿ ಕೈತಪ್ಪಿತೆಂದು ಅವರು ಹೆಂಡತಿಗೆ ತಿಳಿಸಿದ್ದರೆಂದು ಕುಟುಂಬದವರು ನೆನಪಿಸಿಕೊಳ್ಳುತ್ತಾರೆ. ಫ್ರಾನ್ಸಿನಲ್ಲಿ ಈ ಚರ್ಚೆ ಕಾವೇರಿದಾಗ ಡೌನ್ ಸಿಂಡ್ರೋಮ್ ಇದ್ದ ಬಾಲಕನೊಬ್ಬ ಅವರ ಬಳಿ ಬಂದು, ತಮ್ಮಂಥವರನ್ನು ಕಾಪಾಡುವಂತೆ ಅತ್ತು ಕೇಳಿಕೊಂಡನೆಂದೂ ಅವರು ಹೇಳಿದ್ದಾರೆ. 1975ರಲ್ಲಿ ಅಲ್ಲಿ ಗರ್ಭಪಾತ ಕಾನೂನುಬದ್ಧವಾಯಿತು. ಲೆಜೂನ್ ಸುಮ್ಮನಾಗಲಿಲ್ಲ. ಸ್ನೇಹಿತರು ದೂರವಾದರು, ಸಭೆಗಳಲ್ಲಿ ಅವಮಾನವೂ ಆಯಿತು.

ವಾದಗಳಿಗೆ ಉತ್ತರ

ಗರ್ಭಪಾತದ ಪರವಾದ ಮೊದಲನೆಯ ವಾದ, ಭ್ರೂಣವು ಜೀವಕೋಶಗಳ ಮುದ್ದೆ ಮಾತ್ರ ಎಂಬುದು. ಲೆಜೂನ್ ಇದಕ್ಕೆ ವಿಜ್ಞಾನದಿಂದಲೇ ಉತ್ತರಿಸಿದರು. ತಂದೆಯ ಮತ್ತು ತಾಯಿಯ ಬೀಜಗಳು ಕೂಡಿದ ಕ್ಷಣದಲ್ಲೇ ಆ ಹೊಸ ಮನುಷ್ಯನ ಮಾಹಿತಿಯೆಲ್ಲ ಅಲ್ಲಿ ಬರೆದಾಗಿರುತ್ತದೆ. ಸಂಗೀತವೆಲ್ಲ ಟೇಪಿನಲ್ಲಿ ಅಡಗಿರುವಂತೆ ಎಂದು ಅವರು ವಿವರಿಸುತ್ತಿದ್ದರು. ನಮ್ಮ ಚರ್ಮದ ಒಂದು ಕಣದಲ್ಲೂ ಅದೇ ಮಾಹಿತಿ ಇದೆಯಲ್ಲ ಎಂದು ಕೆಲವರು ಕೇಳುತ್ತಾರೆ. ಚರ್ಮದ ಕಣ ದೇಹದ ಒಂದು ಭಾಗ, ತಾನಾಗಿ ಅದು ಏನೂ ಆಗದು. ಭ್ರೂಣವಾದರೋ ಮೊದಲ ದಿನದಿಂದ ತನ್ನ ಬೆಳವಣಿಗೆಯನ್ನು ತಾನೇ ನಡೆಸಿಕೊಳ್ಳುವ ಪೂರ್ಣ ಜೀವಿ. ಅದಕ್ಕೆ ಬೇಕಾದದ್ದು ಆಹಾರ, ಆಶ್ರಯ ಮತ್ತು ಸಮಯ. ಹುಟ್ಟಿದ ಮಗುವಿಗೂ ಇವೇ ಬೇಕು.

ಎರಡನೆಯ ವಾದ ಹೆಚ್ಚು ಸೂಕ್ಷ್ಮವಾದುದು. ಭ್ರೂಣ ಮನುಷ್ಯಜೀವಿ ನಿಜ, ಆದರೆ ಅದಕ್ಕೆ ಪ್ರಜ್ಞೆಯಾಗಲಿ ವಿವೇಚನೆಯಾಗಲಿ ಇಲ್ಲ. ಆದ್ದರಿಂದ ಅದು ವ್ಯಕ್ತಿಯಲ್ಲ ಎನ್ನುತ್ತಾರೆ. 1972ರಲ್ಲಿ ಮೈಕಲ್ ಟೂಲಿ, 1973ರಲ್ಲಿ ಮೇರಿ ಆನ್ ವಾರೆನ್ ಎಂಬ ತತ್ವಜ್ಞಾನಿಗಳು ಇದನ್ನು ಮಂಡಿಸಿದರು. ಈ ಅಳತೆಗೋಲನ್ನು ಒಪ್ಪಿದರೆ ನವಜಾತ ಶಿಶುವೂ ವ್ಯಕ್ತಿಯಲ್ಲ. ಟೂಲಿಯವರು ಆ ಕೊನೆಯವರೆಗೂ ಹೋದರು. ಮರೆವಿನ ಕಾಯಿಲೆ ಬಲಿತ ಮುದುಕಿಯ ಗತಿಯೇನು? ಬುದ್ಧಿಶಕ್ತಿ ಒಬ್ಬರಲ್ಲಿ ಹೆಚ್ಚು, ಒಬ್ಬರಲ್ಲಿ ಕಡಿಮೆ. ಅದೇ ಬೆಲೆಯ ಆಧಾರವಾದರೆ ಮನುಷ್ಯರೆಲ್ಲ ಸಮಾನರೆಂದು ಹೇಳಲು ಬಾಯಿಯೇ ಬರದು. ನೆಕ್ಕರ್ ಆಸ್ಪತ್ರೆಗೆ ಬರುತ್ತಿದ್ದ ಮಕ್ಕಳಲ್ಲಿ ಲೆಜೂನ್ ಕಂಡದ್ದು ಬುದ್ಧಿಯ ಪ್ರಮಾಣವನ್ನಲ್ಲ, ದೇವರ ಸ್ವರೂಪದಲ್ಲಿ ಸೃಷ್ಟಿಯಾದ ಒಬ್ಬ ಮನುಷ್ಯನನ್ನು. ನಾವು ಬೆಲೆಯುಳ್ಳವರಾಗಿರುವುದು ನಮ್ಮ ಸಾಮರ್ಥ್ಯದಿಂದಲ್ಲ, ನಾವು ಮನುಷ್ಯರಾಗಿರುವುದರಿಂದ.

ಮೂರನೆಯದು ಹೆಣ್ಣಿನ ಶರೀರದ ಹಕ್ಕು. 1971ರಲ್ಲಿ ಜೂಡಿತ್ ಜಾರ್ವಿಸ್ ಥಾಮ್ಸನ್ ಒಂದು ಕಲ್ಪನೆಯನ್ನು ಮುಂದಿಟ್ಟರು. ನಿದ್ದೆಯಲ್ಲಿದ್ದ ನಿಮ್ಮನ್ನು ಅಪಹರಿಸಿ, ಕಾಯಿಲೆಬಿದ್ದ ಪಿಟೀಲು ವಾದಕನೊಬ್ಬನ ದೇಹಕ್ಕೆ ಒಂಬತ್ತು ತಿಂಗಳು ಜೋಡಿಸಿದರೆ, ಕಳಚಿಕೊಳ್ಳುವ ಹಕ್ಕು ನಿಮಗಿಲ್ಲವೇ ಎಂಬುದು ಅವರ ಪ್ರಶ್ನೆ. ಇದು ಬಲವಾದ ವಾದವೆಂದು ನಾವು ಒಪ್ಪುತ್ತೇವೆ. ಆದರೆ ಹೋಲಿಕೆ ಪೂರ್ತಿ ಹೊಂದುವುದಿಲ್ಲ. ಆ ವಾದಕ ಅಪರಿಚಿತ, ಇಲ್ಲಿರುವುದು ಆಕೆಯದೇ ಮಗು. ಅಲ್ಲಿ ನಳಿಗೆ ಕಳಚಿದಾಗ ಕಾಯಿಲೆ ಅವನನ್ನು ಕೊಲ್ಲುತ್ತದೆ, ಇಲ್ಲಿ ಆರೋಗ್ಯವಾಗಿರುವ ಜೀವವನ್ನೇ ಕೊನೆಗಾಣಿಸುತ್ತೇವೆ. ತಂದೆತಾಯಿಯರ ಕರ್ತವ್ಯಗಳೆಲ್ಲ ನಾವು ಆರಿಸಿಕೊಂಡೇ ಬರುವಂಥವಲ್ಲ. ಬಲಾತ್ಕಾರಕ್ಕೊಳಗಾದ ಹೆಣ್ಣಿನ ನೋವು ಇಲ್ಲಿ ಅತಿ ಕಠಿಣವಾದ ಪ್ರಶ್ನೆ. ಅಪರಾಧ ತಂದೆಯದು, ಮಗುವಿನದಲ್ಲ ಎಂದು ಹೇಳುವ ನಾವು, ಆ ಹೆಣ್ಣಿನ ಭಾರವನ್ನು ಹೊರಲು ಮುಂದೆ ಬರದಿದ್ದರೆ ನಮ್ಮ ಮಾತಿಗೆ ಬೆಲೆಯಿಲ್ಲ. ತಾಯಿಯ ಪ್ರಾಣ ಉಳಿಸಲು ಅನಿವಾರ್ಯವಾದ ಚಿಕಿತ್ಸೆಯಿಂದ, ಉದ್ದೇಶವಿಲ್ಲದೆ ಮಗು ಸತ್ತರೆ ಧರ್ಮಸಭೆ ಅದನ್ನು ಗರ್ಭಪಾತವೆಂದು ಎಣಿಸುವುದಿಲ್ಲ ಎಂಬುದನ್ನೂ ತಿಳಿದಿರಬೇಕು.

ಕೊನೆಯದು ಕನಿಕರದ ವಾದ. ನರಳುವ ಬದಲು ಮಗು ಹುಟ್ಟದಿರುವುದೇ ಲೇಸೆನ್ನುತ್ತಾರೆ. ವೈದ್ಯನ ಹೋರಾಟ ಕಾಯಿಲೆಯ ವಿರುದ್ಧ, ಕಾಯಿಲೆ ಇರುವವನ ವಿರುದ್ಧ ಅಲ್ಲ ಎಂಬುದು ಲೆಜೂನ್‌ರವರ ನಿಲುವಾಗಿತ್ತು. ಹೆಣ್ಣೆಂಬ ಕಾರಣಕ್ಕೆ ಭ್ರೂಣವನ್ನು ಕೊಲ್ಲುವುದನ್ನು ತಡೆಯಲು ನಮ್ಮ ದೇಶ 1994ರಲ್ಲಿ ಲಿಂಗಪತ್ತೆಯನ್ನು ನಿಷೇಧಿಸಿತು. ಹೆಣ್ಣು ಮಗುವಿಗೆ ಆಗುವ ಆ ಅನ್ಯಾಯ ನಮಗೆ ಕಾಣುವುದಾದರೆ, ಅಂಗವಿಕಲ ಮಗುವಿಗೆ ಆಗುವುದೂ ಕಾಣಬೇಕು.

ಕೊನೆಯ ದಿನಗಳು

1981ರ ಮೇ 13ರಂದು ಲೆಜೂನ್ ದಂಪತಿ ರೋಮಿನಲ್ಲಿ ಪೋಪ್ ಎರಡನೇ ಜಾನ್ ಪೌಲ್‌ರವರ ಜೊತೆ ಮಧ್ಯಾಹ್ನದ ಊಟ ಮಾಡಿದ್ದರು. ಅದೇ ಸಂಜೆ ಪೋಪರ ಮೇಲೆ ಗುಂಡು ಹಾರಿತು. 1989ರಲ್ಲಿ ಅಮೆರಿಕದ ಟೆನೆಸ್ಸೀಯಲ್ಲಿ, ಶೀತಲೀಕರಿಸಿದ ಏಳು ಭ್ರೂಣಗಳ ಮೊಕದ್ದಮೆಯಲ್ಲಿ ಲೆಜೂನ್ ಸಾಕ್ಷಿ ನುಡಿದರು. ಅವು ಮನುಷ್ಯಜೀವಿಗಳೆಂದು ಕೆಳಗಿನ ನ್ಯಾಯಾಧೀಶರು ಒಪ್ಪಿದರು. ಮೇಲಿನ ನ್ಯಾಯಾಲಯಗಳು ಒಪ್ಪಲಿಲ್ಲ. 1994ರ ಫೆಬ್ರವರಿಯಲ್ಲಿ ಪೋಪರು ಜೀವಪರ ಪೊಂಟಿಫಿಕಲ್ ಅಕಾಡೆಮಿಯನ್ನು ಸ್ಥಾಪಿಸಿ ಲೆಜೂನ್‌ರವರನ್ನು ಅದರ ಪ್ರಥಮ ಅಧ್ಯಕ್ಷರನ್ನಾಗಿ ನೇಮಿಸಿದರು. ಆಗಲೇ ಅವರಿಗೆ ಶ್ವಾಸಕೋಶದ ಕ್ಯಾನ್ಸರ್ ಬಲಿತಿತ್ತು. ಏಪ್ರಿಲ್ 3ರಂದು, ಪುನರುತ್ಥಾನದ ಹಬ್ಬದ ದಿನವೇ, ಅವರು ದೇವರ ಪಾದ ಸೇರಿದರು. ಮದ್ದು ಸಿಗುವ ಮುನ್ನವೇ ತನ್ನ ಮಕ್ಕಳನ್ನು ಬಿಟ್ಟು ಹೋಗುವ ಸಂಕಟ ಅವರಿಗಿತ್ತು. 2021ರ ಜನವರಿಯಲ್ಲಿ ಪೋಪ್ ಫ್ರಾನ್ಸಿಸ್ ಅವರ ಸದ್ಗುಣಗಳನ್ನು ಅಂಗೀಕರಿಸಿ ಅವರನ್ನು ಪೂಜ್ಯರೆಂದು ಸಾರಿದರು.

ಪ್ರಿಯ ಓದುಗರೇ, ಈ ಸಾಲುಗಳನ್ನು ಓದುವವರಲ್ಲಿ ಆ ನೋವನ್ನು ಈಗಾಗಲೇ ಅನುಭವಿಸಿದ ತಾಯಂದಿರೂ ಇರಬಹುದು. ಅವರನ್ನು ಖಂಡಿಸಲು ನಾವು ಇದನ್ನು ಬರೆದಿಲ್ಲ. 2016ರಲ್ಲಿ ಪೋಪ್ ಫ್ರಾನ್ಸಿಸ್ ಈ ಪಾಪವನ್ನು ಕ್ಷಮಿಸುವ ಅಧಿಕಾರವನ್ನು ಎಲ್ಲ ಧರ್ಮಗುರುಗಳಿಗೂ ನೀಡಿದರು. ಬಾಗಿಲು ತೆರೆದಿದೆ, ಹಿಂಜರಿಯದೆ ಬನ್ನಿ. ವರದಿ ಕೈಯಲ್ಲಿ ಹಿಡಿದು ದಿಕ್ಕು ತೋಚದೆ ನಿಂತಿರುವ ದಂಪತಿ ನಿಮ್ಮ ವಾಳೆಯಲ್ಲಿದ್ದರೆ, ತೀರ್ಪು ಹೇಳುವ ಮೊದಲು ಅವರ ಮನೆಗೆ ಹೋಗಿ. ಇಂಥ ಮಗುವನ್ನು ಈಗಾಗಲೇ ಬೆಳೆಸುತ್ತಿರುವ ಕುಟುಂಬವೊಂದರ ಪರಿಚಯ ಮಾಡಿಸಿ. ಖರ್ಚಿಗೆ, ಆರೈಕೆಗೆ, ವಿಶೇಷ ಶಾಲೆಗೆ ಯಾರು ನೆರವಾಗುತ್ತಾರೆಂದು ಕೇಳಿ ತಿಳಿದು ಹೇಳಿ. ಹುಟ್ಟಲಿರುವ ಪ್ರತಿಯೊಂದು ಮಗುವನ್ನೂ ಅದರ ತಾಯಿಯನ್ನೂ ಪ್ರಭು ಕಾಪಾಡಲಿ.