ಫ್ರಾಂಕೊ ಬಸಾಲಿಯಾ

ಫ್ರಾಂಕೊ ಬಸಾಲಿಯಾ (೧೧ ಮಾರ್ಚ್ ೧೯೨೪ – ೨೯ ಆಗಸ್ಟ್ ೧೯೮೦) ಇಟಲಿಯ ಮನೋವೈದ್ಯರು. ರೋಗಿಗಳನ್ನು ವರ್ಷಗಟ್ಟಲೆ ಕೂಡಿಹಾಕುತ್ತಿದ್ದ ಮಾನಸಿಕ ಆಸ್ಪತ್ರೆಗಳನ್ನು ಮುಚ್ಚಿ, ಊರಿನ ನಡುವೆಯೇ ಆರೈಕೆ ನೀಡುವ ವ್ಯವಸ್ಥೆಯನ್ನು ಟ್ರಿಯೆಸ್ಟೆ ನಗರದಲ್ಲಿ ರೂಪಿಸಿದರು. ಇಟಲಿಯ ೧೯೭೮ರ ಮಾನಸಿಕ ಆರೋಗ್ಯ ಕಾಯಿದೆಯು ಬಸಾಲಿಯಾ ಕಾಯಿದೆ ಎಂದೇ ಪ್ರಸಿದ್ಧವಾಗಿದೆ.

ಆರಂಭಿಕ ಜೀವನ

ವೆನಿಸ್‌ನಲ್ಲಿ ಜನಿಸಿದ ಬಸಾಲಿಯಾ ೧೯೪೯ರಲ್ಲಿ ಪಾದುವಾ ವಿಶ್ವವಿದ್ಯಾಲಯದಿಂದ ವೈದ್ಯಕೀಯ ಪದವಿ ಪಡೆದರು. ವಿದ್ಯಾರ್ಥಿಯಾಗಿದ್ದಾಗ ಫ್ಯಾಸಿಸ್ಟ್ ವಿರೋಧಿ ಚಟುವಟಿಕೆಗಳಿಗಾಗಿ ಸೆರೆವಾಸ ಅನುಭವಿಸಿದ್ದರು. ೧೯೫೩ರಲ್ಲಿ ಫ್ರಾಂಕಾ ಒಂಗಾರೊ ಅವರನ್ನು ವಿವಾಹವಾದರು. ಬಸಾಲಿಯಾ ಅವರ ಅನೇಕ ಬರಹಗಳಿಗೆ ಫ್ರಾಂಕಾ ಸಹಲೇಖಕಿಯಾಗಿದ್ದರು.

ಗೊರಿಜಿಯಾ

೧೯೬೧ರಲ್ಲಿ ಯುಗೊಸ್ಲಾವಿಯಾದ ಗಡಿಯಲ್ಲಿದ್ದ ಗೊರಿಜಿಯಾ ಪಟ್ಟಣದ ಮಾನಸಿಕ ಆಸ್ಪತ್ರೆಯ ನಿರ್ದೇಶಕರಾದರು. ಆಗ ಜಾರಿಯಲ್ಲಿದ್ದ ೧೯೦೪ರ ಕಾಯಿದೆಯು ರೋಗಿಯನ್ನು ಅಪಾಯಕಾರಿ ವ್ಯಕ್ತಿಯೆಂದು ಪರಿಗಣಿಸುತ್ತಿತ್ತು. ದಾಖಲಾದವರು ನಾಗರಿಕ ಹಕ್ಕುಗಳನ್ನು ಕಳೆದುಕೊಳ್ಳುತ್ತಿದ್ದರು. ರೋಗಿಗಳನ್ನು ಕಟ್ಟಿಹಾಕುವ ಆದೇಶಗಳಿಗೆ ಸಹಿ ಹಾಕಲು ಬಸಾಲಿಯಾ ನಿರಾಕರಿಸಿದರು. ಕ್ರಮೇಣ ವಾರ್ಡುಗಳ ಬಾಗಿಲುಗಳು ತೆರೆದವು. ರೋಗಿಗಳು, ದಾದಿಯರು ಮತ್ತು ವೈದ್ಯರು ಒಟ್ಟಾಗಿ ಸಭೆ ಸೇರಿ ಆಸ್ಪತ್ರೆಯ ದಿನಚರಿಯನ್ನು ಚರ್ಚಿಸತೊಡಗಿದರು. ಈ ಅನುಭವವನ್ನು ಕುರಿತು ಅವರು ಸಂಪಾದಿಸಿದ ಗ್ರಂಥ ೧೯೬೮ರಲ್ಲಿ ಪ್ರಕಟವಾಗಿ ದೇಶದಾದ್ಯಂತ ಚರ್ಚೆಗೊಳಗಾಯಿತು. ಅದೇ ವರ್ಷ, ಒಂದು ದಿನದ ಮಟ್ಟಿಗೆ ಮನೆಗೆ ಹೋಗಿದ್ದ ರೋಗಿಯೊಬ್ಬ ತನ್ನ ಪತ್ನಿಯನ್ನು ಕೊಂದನು. ಬಸಾಲಿಯಾ ಅವರ ಮೇಲೂ ಮೊಕದ್ದಮೆ ಹೂಡಲಾಯಿತು. ನಂತರ ನ್ಯಾಯಾಲಯವು ಅವರನ್ನು ಖುಲಾಸೆಗೊಳಿಸಿತು.

ಟ್ರಿಯೆಸ್ಟೆ

೧೯೭೧ರಲ್ಲಿ ಟ್ರಿಯೆಸ್ಟೆ ಪ್ರಾಂತ್ಯದ ಅಧ್ಯಕ್ಷ ಮಿಕೇಲೆ ಜನೆಟ್ಟಿ ಅವರ ಆಹ್ವಾನದ ಮೇರೆಗೆ ಬಸಾಲಿಯಾ ಸ್ಯಾನ್ ಜೊವಾನ್ನಿ ಆಸ್ಪತ್ರೆಯ ಹೊಣೆ ಹೊತ್ತರು. ಅಲ್ಲಿ ಸುಮಾರು ೧,೨೦೦ ರೋಗಿಗಳಿದ್ದರು. ಆಸ್ಪತ್ರೆಯನ್ನು ಸುಧಾರಿಸುವುದಷ್ಟೇ ಸಾಲದು, ಅದರ ಅಗತ್ಯವೇ ಇಲ್ಲದಂತೆ ಮಾಡಬೇಕೆಂಬುದು ಅವರ ನಿಲುವಾಗಿತ್ತು. ಈ ಕೆಲಸಕ್ಕೆ ಪ್ರಾಂತೀಯ ಆಡಳಿತದ ಬೆಂಬಲ ದೊರೆಯಿತು. ತರುಣ ವೈದ್ಯರು, ದಾದಿಯರು, ಸ್ವಯಂಸೇವಕರು ಮತ್ತು ಕಲಾವಿದರು ಕೈಜೋಡಿಸಿದರು. ಚಿಕಿತ್ಸೆಯ ಹೆಸರಿನಲ್ಲಿ ಕೂಲಿಯಿಲ್ಲದೆ ದುಡಿಯುತ್ತಿದ್ದ ರೋಗಿಗಳು ಸಹಕಾರ ಸಂಘವನ್ನು ಕಟ್ಟಿಕೊಂಡು, ಶುಚಿಗೊಳಿಸುವಿಕೆಯಂಥ ಕೆಲಸಗಳಿಗೆ ಸಂಬಳ ಪಡೆಯತೊಡಗಿದರು.

೧೯೭೩ರಲ್ಲಿ ರೋಗಿಗಳು ಮತ್ತು ಕಲಾವಿದರು ಸೇರಿ ಮಾರ್ಕೊ ಕವಾಲ್ಲೊ ಎಂಬ ಬೃಹತ್ ನೀಲಿ ಕುದುರೆಯನ್ನು ನಿರ್ಮಿಸಿದರು. ಆಸ್ಪತ್ರೆಯ ಬಟ್ಟೆಗಳ ಗಾಡಿಯನ್ನು ಎಳೆಯುತ್ತಿದ್ದ ಕುದುರೆಯ ಹೆಸರನ್ನೇ ಅದಕ್ಕೆ ಇಡಲಾಗಿತ್ತು. ಅದನ್ನು ಆವರಣದಿಂದ ಹೊರತಂದು ನಗರದ ಬೀದಿಗಳಲ್ಲಿ ಮೆರವಣಿಗೆ ಮಾಡಲಾಯಿತು. ನಗರದ ವಿವಿಧ ಬಡಾವಣೆಗಳಲ್ಲಿ ಮಾನಸಿಕ ಆರೋಗ್ಯ ಕೇಂದ್ರಗಳು ಆರಂಭಗೊಂಡವು. ಕಾಲಕ್ರಮೇಣ ಇವು ಹಗಲಿರುಳೂ ತೆರೆದಿರುವ ಕೇಂದ್ರಗಳಾದವು. ಆಸ್ಪತ್ರೆಯನ್ನು ಮುಚ್ಚುವ ನಿರ್ಧಾರವನ್ನು ೧೯೭೭ರ ಜನವರಿಯಲ್ಲಿ ಪ್ರಕಟಿಸಲಾಯಿತು.

೧೮೦ನೆಯ ಕಾಯಿದೆ

೧೩ ಮೇ ೧೯೭೮ರಂದು ಇಟಲಿಯ ಸಂಸತ್ತು ೧೮೦ನೆಯ ಕಾಯಿದೆಯನ್ನು ಅಂಗೀಕರಿಸಿತು. ಇದರ ಪ್ರಕಾರ ಹೊಸ ಮಾನಸಿಕ ಆಸ್ಪತ್ರೆಗಳನ್ನು ಕಟ್ಟುವಂತಿಲ್ಲ. ತುರ್ತು ಚಿಕಿತ್ಸೆಗೆ ಸಾಮಾನ್ಯ ಆಸ್ಪತ್ರೆಗಳಲ್ಲಿ ೧೫ ಹಾಸಿಗೆಗಳನ್ನು ಮೀರದ ಘಟಕಗಳಿರಬೇಕು. ಕಡ್ಡಾಯ ಚಿಕಿತ್ಸೆಗೆ ವೈದ್ಯರ ಶಿಫಾರಸು, ಮೇಯರ್ ಆದೇಶ ಮತ್ತು ನ್ಯಾಯಾಧೀಶರ ಪರಿಶೀಲನೆ ಅಗತ್ಯ. ಕಾಯಿದೆಗೆ ಬಸಾಲಿಯಾ ಅವರ ಹೆಸರು ಅಂಟಿಕೊಂಡಿದ್ದರೂ ಸಂಸತ್ತಿನಲ್ಲಿ ಅದನ್ನು ರೂಪಿಸಿದವರು ಮನೋವೈದ್ಯ ಹಾಗೂ ಸಂಸದ ಬ್ರೂನೊ ಒರ್ಸಿನಿ.

ನಿಧನ ಮತ್ತು ಪ್ರಭಾವ

೧೯೭೯ರಲ್ಲಿ ಬಸಾಲಿಯಾ ರೋಮ್‌ಗೆ ತೆರಳಿದರು. ಮರುವರ್ಷ ಮೆದುಳಿನ ಗಡ್ಡೆಯಿಂದ ವೆನಿಸ್‌ನಲ್ಲಿ ನಿಧನರಾದರು. ಕಾಯಿದೆಯ ಜಾರಿ ಎಲ್ಲೆಡೆ ಒಂದೇ ರೀತಿ ನಡೆಯಲಿಲ್ಲ. ಬದಲಿ ಸೇವೆಗಳು ಸಿದ್ಧವಾಗದ ಪ್ರದೇಶಗಳಲ್ಲಿ ಆರೈಕೆಯ ಭಾರ ಕುಟುಂಬಗಳ ಮೇಲೆ ಬಿದ್ದಿತೆಂಬ ಟೀಕೆ ಕೇಳಿಬಂದಿತು. ಹಳೆಯ ಆಸ್ಪತ್ರೆಗಳು ಸಂಪೂರ್ಣವಾಗಿ ಮುಚ್ಚಲು ೧೯೯೦ರ ದಶಕದ ಕೊನೆಯವರೆಗೂ ಕಾಲ ಹಿಡಿಯಿತು. ಫ್ರಾಂಕಾ ಒಂಗಾರೊ ಸೆನೆಟ್ ಸದಸ್ಯೆಯಾಗಿ ಕಾಯಿದೆಯ ಸಮರ್ಪಕ ಜಾರಿಗೆ ಶ್ರಮಿಸಿದರು. ಸಮುದಾಯ ಆಧಾರಿತ ಮಾನಸಿಕ ಆರೋಗ್ಯ ಸೇವೆಗೆ ಟ್ರಿಯೆಸ್ಟೆಯನ್ನು ವಿಶ್ವ ಆರೋಗ್ಯ ಸಂಸ್ಥೆಯು ಮಾದರಿಯಾಗಿ ಗುರುತಿಸಿದೆ. ಸ್ಯಾನ್ ಜೊವಾನ್ನಿಯ ಆವರಣ ಇಂದು ಸಾರ್ವಜನಿಕ ಉದ್ಯಾನವಾಗಿದೆ.